ಸೆರಗಿನ ಅಡಿಯ ಗೋಪುರ

ಕಳೆದ ವಾರ ವೈದ್ಯರು ನನ್ನ ಕಡತ ಮುಚ್ಚುತ್ತಾ, "ಇನ್ನು ಈ ಮಾತ್ರೆ ಬೇಡ, ವರ್ಷಕ್ಕೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು" ಎಂದರು. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕಿಮೊ, ವಿಕಿರಣ ಎಲ್ಲ ಮುಗಿದ ಮೇಲೂ ಐದು ವರ್ಷ ದಿನಕ್ಕೊಂದರಂತೆ ನುಂಗಬೇಕಾಗಿದ್ದ ಹಾರ್ಮೋನ್ ಮಾತ್ರೆ ಅದು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಮರಳುವಾಗ ಯಾರಿಗೆಲ್ಲ ಹೇಳಬೇಕೆಂದು ಮನಸ್ಸಿನಲ್ಲೇ ಪಟ್ಟಿ ಮಾಡಿದೆ. ನವನಗರ ದಾಟುವಷ್ಟರಲ್ಲಿ ಅದು ಎಷ್ಟು ಉದ್ದವಾಯಿತೆಂದರೆ, ಒಬ್ಬೊಬ್ಬರಿಗೇ ಫೋನ್ ಮಾಡುವ ಬದಲು ಎಲ್ಲರಿಗೂ ಕೂಡಿ ಬರೆಯುವುದೇ ಸರಿಯೆನಿಸಿತು. ಬಹಿರಂಗವಾಗಿ ಬರೆಯಲು ಇನ್ನೊಂದು ಕಾರಣವೂ ಇದೆ. ಚಿಕಿತ್ಸೆ ಮುಗಿಸಿ ಮನೆಗೆ ಬಂದ ಹೆಣ್ಣುಮಗಳು ಮರುದಿನ ಏನು ತೊಡುತ್ತಾಳೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಅದೇ ಆಗಿತ್ತು.

ಜೀವ ಉಳಿಸಿದ್ದು ವೈದ್ಯರು, ನರ್ಸ್‌ಗಳು ಮತ್ತು ಔಷಧ. ಮುಂದೆ ನಾನು ಕಲಿತ ಕಸೂತಿಯ ಮಾತು ಬರುತ್ತದೆ, ಆದರೆ ಕಸೂತಿ ಹಾಕಿ ಕಾಯಿಲೆ ವಾಸಿಯಾಯಿತೆಂದು ದಯವಿಟ್ಟು ಯಾರೂ ತಿಳಿಯಬಾರದು. ಆ ವೈದ್ಯರಿಗೆ, ನರ್ಸ್‌ಗಳಿಗೆ ನನ್ನ ಮೊದಲ ನಮಸ್ಕಾರ. ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದೇ ಏರಿಸುತ್ತಾ ತೋಳು ಮೇಲೆತ್ತುವುದನ್ನು ಕಲಿಸಿದ ಫಿಸಿಯೊಥೆರಪಿಯ ಹುಡುಗಿಗೆ ವಿಶೇಷ ನಮಸ್ಕಾರ. ತನ್ನ ಊಟದ ವೇಳೆಯನ್ನೂ ಲೆಕ್ಕಿಸದೆ ಪಕ್ಕದಲ್ಲಿ ನಿಂತು, "ಇನ್ನೊಂದು ಬೆರಳು ಮೇಲೆ, ಟೀಚರ್" ಎನ್ನುತ್ತಿದ್ದಳು.

ಈಗ ರವಿಕೆಯ ವಿಷಯ. ಎಡಗಡೆಯ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರು. ಗ್ರಂಥಿ ತೆಗೆದ ಕಡೆಯ ತೋಳು ಯಾವಾಗ ಬೇಕಾದರೂ ಬಾತುಕೊಳ್ಳಬಹುದು. ಬಿಗಿಯಾದ ತೋಳಿನ ಬಟ್ಟೆ ತೊಡಬಾರದು, ಸೂಜಿ ಮುಳ್ಳು ತಾಗದಂತೆ ನೋಡಿಕೊಳ್ಳಬೇಕು. ವಿಕಿರಣ ತಾಗಿದ ಚರ್ಮಕ್ಕೆ ಹೊಲಿಗೆಯ ಒಂದು ಗಂಟು ಒತ್ತಿದರೂ ಉರಿ. ಕಪಾಟಿನಲ್ಲಿದ್ದ ಒಂದು ರವಿಕೆಯೂ ನನಗೆ ಆಗಲಿಲ್ಲ. ಪೇಟೆಯ ದರ್ಜಿಯೊಬ್ಬರಿಗೆ ಹೊಸದನ್ನು ಹೊಲಿಯಲು ಕೊಟ್ಟರೆ ಎರಡೂ ಕಡೆ ದಪ್ಪ ಸ್ಪಂಜು ಕೂಡಿಸಿ, "ಈಗ ಯಾರಿಗೂ ಗೊತ್ತಾಗುವುದಿಲ್ಲ" ಎಂದು ಕಳಿಸಿದರು. ಯಾರಿಗೂ ಗೊತ್ತಾಗಬಾರದೆಂದು ನಾನು ಹೇಳಿರಲೇ ಇಲ್ಲ. ಆ ರವಿಕೆ ತೊಟ್ಟು ಕನ್ನಡಿಯ ಮುಂದೆ ನಿಂತಾಗ ಬೇರೆ ಯಾರದೋ ಮೈಯೊಳಗೆ ನನ್ನನ್ನು ತುರುಕಿದಂತಾಯಿತು. ಹಲವು ತಿಂಗಳು ನೈಟಿಯ ಮೇಲೆ ಶಾಲು ಹೊದ್ದು ಕಳೆದೆ. ಬಾಗಿಲ ಗಂಟೆ ಬಾರಿಸಿದರೆ ಒಳಗಿನ ಕೋಣೆಗೆ ಹೋಗುತ್ತಿದ್ದೆ.

ಇಲ್ಲಿಂದ ನನ್ನ ಅತ್ತೆಯವರ ಕಥೆ. ಹೆಚ್ಚು ಮಾತನಾಡುವವರಲ್ಲ ಅವರು. ಒಂದು ಮಧ್ಯಾಹ್ನ ಟ್ರಂಕಿನ ತಳದಿಂದ ತಮ್ಮ ತಾಯಿಯ ಹಳೆಯ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ) ಕುಪ್ಪಸವೊಂದನ್ನು ತೆಗೆದು ನನ್ನ ಮಂಚದ ಮೇಲಿಟ್ಟು ಹೋದರು. ಉತ್ತರ ಕರ್ನಾಟಕದ ಹಿರಿಯರಿಗೆ ಆ ಕುಪ್ಪಸ ಗೊತ್ತಿರುತ್ತದೆ. ಅದಕ್ಕೆ ಹುಕ್ಕಿಲ್ಲ, ಮುಂದೆ ಎರಡು ತುದಿ ಕೂಡಿಸಿ ಗಂಟು ಹಾಕಿದರೆ ಮುಗಿಯಿತು. ತೊಡಲು ಕೈಯನ್ನು ಹಿಂದಕ್ಕೆ ತಿರುಗಿಸಬೇಕಾಗಿಲ್ಲ. ಕಂಕುಳಲ್ಲಿ ಚೌಕಾಕಾರದ ಬೇರೆಯೇ ತುಂಡು ಕೂಡಿಸಿರುವುದರಿಂದ ತೋಳನ್ನು ಎಷ್ಟು ಎತ್ತಿದರೂ ಬಟ್ಟೆ ಹಿಡಿಯುವುದಿಲ್ಲ. ರೊಟ್ಟಿ ಬಡಿಯುವ, ಕಳೆ ತೆಗೆಯುವ, ಕೂಸನ್ನು ಎತ್ತಿಕೊಳ್ಳುವ ಹೆಂಗಸರು ತಮ್ಮ ಮೈಯ ಅನುಕೂಲಕ್ಕೆ ಕಂಡುಕೊಂಡ ಕತ್ತರಿಸುವಿಕೆ ಅದು. ನನ್ನ ತೋಳಿಗೆ ಬೇಕಾದದ್ದೆಲ್ಲ ಅದರಲ್ಲಿತ್ತು. ಅತ್ತೆ, ಅದನ್ನು ಹುಡುಕಲು ನೀವು ಅಟ್ಟದ ಟ್ರಂಕನ್ನು ಒಬ್ಬರೇ ಇಳಿಸಿದಿರೆಂದು ನನಗೆ ಆಮೇಲೆ ತಿಳಿಯಿತು. ನಿಮಗೆ ಸಾಷ್ಟಾಂಗ ನಮಸ್ಕಾರ.

ನಮ್ಮ ಓಣಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅಕ್ಕ ಆ ಹಳೆಯ ಕುಪ್ಪಸವನ್ನು ಬಿಚ್ಚದೆ, ವೃತ್ತಪತ್ರಿಕೆಯ ಮೇಲೆ ಹರಡಿ ಅದರ ಅಳತೆ ತೆಗೆದಳು. ಗುಳೇದಗುಡ್ಡದ ಖಣವನ್ನೇ ತಂದೆವು. ಬಾಗಲಕೋಟೆ ಜಿಲ್ಲೆಯ ಆ ಊರಿನ ನೇಕಾರರು ತೇರು, ಆನೆ ಹೆಜ್ಜೆ ಎಂದು ಹೆಸರಿಟ್ಟು ನೇಯುವ ಚಿಕ್ಕ ಚಿಕ್ಕ ಚಿತ್ತಾರಗಳಲ್ಲಿ ನನಗೆ ಆನೆ ಹೆಜ್ಜೆಯೇ ಇಷ್ಟ. ಆದರೆ ಖಣದ ಒಳಮೈ ತುಸು ಒರಟು. ಎಡಗಡೆಯ ಎದೆಯ ಮೇಲೆ ಅದು ಬೇಡವೆಂದಾಗ ಅಕ್ಕನೇ, "ಆ ಭಾಗಕ್ಕೆ ಹಳೆಯ ಇಳಕಲ್ ಸೀರೆಯ ಒಡಲು ಹಾಕೋಣ, ತೊಳೆದು ತೊಳೆದು ಮೆತ್ತಗಾಗಿರುತ್ತದೆ" ಎಂದಳು. ಅಮ್ಮನ ಕಪ್ಪು ಇಳಕಲ್ ಸೀರೆ ನನ್ನ ಬಳಿಯಿತ್ತು. ಅದಕ್ಕೆ ಕತ್ತರಿ ಹಾಕಲು ಮನಸ್ಸು ಬರಲು ಸಮಯ ಹಿಡಿಯಿತು. ಕೆಂಪು ರೇಷ್ಮೆಯ ಸೆರಗನ್ನು ಮಗಳಿಗೆಂದು ಎತ್ತಿಟ್ಟು, ಒಡಲಿನ ಹತ್ತಿಯನ್ನು ಕೊಟ್ಟೆ.

ಮೂರು ಪಾಲು ಹಸಿರು ಖಣ, ಎಡಗಡೆ ಒಂದು ಪಾಲು ಅಮ್ಮನ ಕಪ್ಪು ಸೀರೆ. ಆ ಕುಪ್ಪಸವನ್ನು ತೊಟ್ಟ ದಿನ ನಾನು ಕನ್ನಡಿಯ ಮುಂದಿನಿಂದ ಸರಿಯಲಿಲ್ಲ. ಕಾಯಿಲೆಯ ಹಿಂದಿನ ನನ್ನ ರವಿಕೆಗಳು ಸೀರೆಗೆ ಹೊಂದಿದರೆ ಸಾಕು ಎಂಬಂಥವು. ಇದು ನನಗೆ ಹೊಂದಿತ್ತು. ಸ್ಟೈಲ್ ಎನ್ನುವುದು ಹಣವಿದ್ದವರ ವಿಷಯ, ವಯಸ್ಸಿದ್ದವರ ವಿಷಯ ಎಂದು ತಿಳಿದಿದ್ದ ನನಗೆ ನಲವತ್ತೆಂಟರಲ್ಲಿ ಅದು ನನ್ನ ಗಾಯದ ಅಳತೆಯಿಂದಲೇ ಸಿಕ್ಕಿತು.

ಆ ಕಪ್ಪು ಭಾಗ ಖಾಲಿಯಾಗಿರುವುದನ್ನು ನೋಡಿ ಕಸೂತಿಯ ಮಾತು ತೆಗೆದವರು ಎದುರು ಮನೆಯ ಕಾಕು. ನಮ್ಮ ಕಡೆ ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡುವ ಪದ್ಧತಿಯಿತ್ತು. ತಮ್ಮ ಚಂದ್ರಕಾಳಿಯ ಕಸೂತಿಯನ್ನು ಕಾಕು ತಾವೇ ಹೆಣೆದುಕೊಂಡವರು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ. ಹಾಸು ಹೊಕ್ಕುಗಳ ಎಳೆ ಎಣಿಸಿ ಹೊಲಿಯಬೇಕು. ಹೊಲಿಗೆಗಳು ನಾಲ್ಕು: ಗಾವಂತಿ, ಮುರ್ಗಿ, ನೇಯ್ಗಿ, ಮೆಂತಿ. ಗಾವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಎಂದು ಸಾಗುತ್ತಾ ಕೊನೆ ಮುಟ್ಟಿ, ಅದೇ ಗೆರೆಯ ಮೇಲೆ ಬಿಟ್ಟ ಜಾಗಗಳನ್ನು ತುಂಬುತ್ತಾ ಹಿಂದಿರುಗುತ್ತದೆ. ಎಲ್ಲಿಯೂ ಗಂಟು ಹಾಕುವುದಿಲ್ಲ. ಮುಗಿದಾಗ ಬಟ್ಟೆಯ ಹೊರಮೈಯಲ್ಲಿ ಕಾಣುವ ಚಿತ್ರವೇ ಒಳಮೈಯಲ್ಲೂ ಇರುತ್ತದೆ. ಗಂಟಿಲ್ಲದ ಹೊಲಿಗೆ ಎಂದು ಕೇಳಿದೊಡನೆ ಅದು ನನ್ನ ಆ ಚರ್ಮಕ್ಕಾಗಿಯೇ ಹುಟ್ಟಿದ್ದೆನಿಸಿತು.

ಕಲಿಯುವುದು ಸುಲಭವಿರಲಿಲ್ಲ. ಕಿಮೊದ ಔಷಧಗಳಲ್ಲಿ ಕೆಲವು ನರಗಳ ತುದಿಯನ್ನು ಕೆಡಿಸುತ್ತವೆ. ನನ್ನ ಬೆರಳ ತುದಿಗಳು ಸದಾ ಜೋಮು ಹಿಡಿದಂತಿದ್ದು, ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಬಟ್ಟೆಯ ಅಡಿಯಲ್ಲಿರುವ ಎಡಗೈಗೆ ಸೂಜಿ ಚುಚ್ಚಿದರೆ ಅಪಾಯ. ವೈದ್ಯರನ್ನು ಕೇಳಿ, ಎಡಗೈಯ ಬೆರಳುಗಳಿಗೆ ಅಂಗುಸ್ತಾನ ಹಾಕಿಕೊಂಡು, ನಡುನಡುವೆ ತೋಳನ್ನು ದಿಂಬಿನ ಮೇಲೆ ಎತ್ತರಕ್ಕಿಟ್ಟುಕೊಂಡು ಹೊಲಿದೆ. ಕಾಕು ನನಗೆ ಮೊದಲು ಇಳಕಲ್ಲಿನ ಬಟ್ಟೆ ಮುಟ್ಟಲು ಕೊಡಲಿಲ್ಲ. ಕಣ್ಣಿಗೆ ರಂಧ್ರ ಕಾಣುವ ದಪ್ಪ ಮ್ಯಾಟಿ ಬಟ್ಟೆ, ದೊಡ್ಡ ಸೂಜಿ, ಬರಿಯ ನೇರ ಗೆರೆ. ಗೆರೆ ನೆಟ್ಟಗಾದ ಮೇಲೆ ಚೌಕ, ಆಮೇಲೆ ಕಮಲ, ತುಳಸಿಕಟ್ಟೆ. "ಬೆರಳಿಗೆ ತಿಳಿಯದಿದ್ದರೆ ಕಣ್ಣಿಗೆ ತಿಳಿಯುತ್ತದಲ್ಲ, ಎಣಿಸು" ಎನ್ನುತ್ತಿದ್ದರು.

ಎಣಿಸಿದೆ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಒಂದು ಎಳೆ ತಪ್ಪಿದರೆ ಹಿಂದಿರುಗುವಾಗ ಗೆರೆ ಕೂಡುವುದಿಲ್ಲ, ಅಷ್ಟನ್ನೂ ಬಿಚ್ಚಬೇಕು. ಹಾಗಾಗಿ ಎಣಿಸುವ ಹೊತ್ತಿನಲ್ಲಿ ಬೇರೇನನ್ನೂ ಯೋಚಿಸಲು ಸಾಧ್ಯವಿಲ್ಲ. ಮುಂದಿನ ಸ್ಕ್ಯಾನ್, ಮಗಳ ಮದುವೆ, ರಾತ್ರಿ ಬೆನ್ನಿನಲ್ಲಿ ಎದ್ದ ನೋವು ಅದೇ ಇರಬಹುದೇ ಎಂಬ ಅಂಜಿಕೆ, ಯಾವುದಕ್ಕೂ ಎಡೆಯಿಲ್ಲ. ಚಿಕಿತ್ಸೆ ಶುರುವಾದಂದಿನಿಂದ ನನ್ನ ತಲೆಗೆ ವಿಶ್ರಾಂತಿ ಸಿಕ್ಕಿದ್ದು ಆ ಎಣಿಕೆಯಲ್ಲಿ. ತಪಾಸಣೆಗೆ ಹೋದಾಗ ಸರದಿಗಾಗಿ ಬೆಂಚಿನ ಮೇಲೆ ಕಾಯುವ ಗಂಟೆಗಳು ನನ್ನನ್ನು ಹಣ್ಣು ಮಾಡುತ್ತಿದ್ದವು. ಆಮೇಲಾಮೇಲೆ ಅಲ್ಲಿಯೂ ಬಟ್ಟೆ ತೆಗೆದು ಕುಳಿತೆ. ಪಕ್ಕದಲ್ಲಿ ಕುಳಿತವರು ಕಾಯಿಲೆಯ ವಿಚಾರ ಬಿಟ್ಟು, "ಇದು ನವಿಲೇ, ಗಿಳಿಯೇ?" ಎಂದು ಕೇಳತೊಡಗಿದರು. ಹಾವೇರಿ ಕಡೆಯ ಒಬ್ಬ ಅಜ್ಜಿ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಎರಡು ಮುರ್ಗಿ ಹೊಲಿಗೆ ಹಾಕಿಯೇ ಹಿಂದಿರುಗಿಸಿದರು. ಮೆಟ್ಟಿಲಿನಂತೆ ಏರುವ ಆ ಎರಡು ಹೊಲಿಗೆಗಳು ನನ್ನ ಕುಪ್ಪಸದಲ್ಲಿ ಇಂದಿಗೂ ಇವೆ. ಅಜ್ಜಿ ಎಲ್ಲಿದ್ದರೂ ಚೆನ್ನಾಗಿರಲಿ.

ಇನ್ನು ನನ್ನ ಹತ್ತನೆಯ ತರಗತಿಯ ಮಕ್ಕಳು. ಅವರ ಬಗ್ಗೆ ಉದ್ದವಾಗಿಯೇ ಬರೆಯುತ್ತೇನೆ. ನಾನು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು. ಚಿಕ್ಕದಾಗಿ ಹುಟ್ಟುತ್ತಿದ್ದ ಕೂದಲಿನಲ್ಲಿ, ಆ ಹಸಿರು ಕುಪ್ಪಸದಲ್ಲಿ ಶಾಲೆಗೆ ಮರಳಿದ ದಿನ ನನಗೆ ಕಾಲು ನಡುಗುತ್ತಿತ್ತು. ಹುಡುಗಿಯರು ಬಂದು ಮುತ್ತಿಕೊಂಡು ಕೇಳಿದ್ದು ಒಂದೇ: "ಟೀಚರ್, ಈ ನಮೂನೆಯ ಜಂಪರ್ ಎಲ್ಲಿ ಹೊಲಿಸಿದಿರಿ?" ಆ ಪ್ರಶ್ನೆ ನನಗೆ ಎಷ್ಟು ಕೊಟ್ಟಿತೆಂದು ಆ ಮಕ್ಕಳಿಗೆ ಗೊತ್ತಿರಲಾರದು.

ಆಗ ನಾನು ಕಸೂತಿಯಲ್ಲಿ ಗುಡಿಯ ಗೋಪುರದ ಚಿತ್ತಾರ ಹೆಣೆಯಲು ಹೊರಟು ಸಿಕ್ಕಿಕೊಂಡಿದ್ದೆ. ಗೋಪುರದಲ್ಲಿ ಕವಲುಗಳು ಹೆಚ್ಚು. ಯಾವ ಕವಲಿಗೆ ಮೊದಲು ಹೋಗಬೇಕು, ಎಲ್ಲಿಂದ ತಿರುಗಬೇಕು ಎಂಬುದು ತಿಳಿಯದೆ ಗ್ರಾಫ್ ಹಾಳೆಯ ಮೇಲೆ ಗೀಚಿಕೊಂಡಿದ್ದನ್ನು ಮಕ್ಕಳು ನೋಡಿದರು. ಬಿಡುವಿನ ಅವಧಿಯಲ್ಲಿ ಅದನ್ನೇ ಹಲಗೆಯ ಮೇಲೆ ಬರೆದು, 1736ರ ಹೊತ್ತಿನ ಗಣಿತಜ್ಞ ಆಯ್ಲರ್ ಬಿಡಿಸಿದ ಕ್ಯೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಸಮಸ್ಯೆಯನ್ನು, ಅಂದರೆ ಪ್ರತಿ ಸೇತುವೆಯನ್ನೂ ಒಂದೇ ಸಲ ದಾಟಿ ಊರು ಸುತ್ತಬಹುದೇ ಎಂಬುದನ್ನು ಹೇಳಿದೆ. ಕೈ ಎತ್ತದೆ, ಯಾವ ಗೆರೆಯ ಮೇಲೂ ಎರಡನೆಯ ಸಲ ಹೋಗದೆ, ಒಂದು ಚಿತ್ರವನ್ನು ಪೂರ್ತಿ ಬರೆದು ಹೊರಟಲ್ಲಿಗೇ ಬರಬೇಕಾದರೆ, ಗೆರೆಗಳು ಕೂಡುವ ಪ್ರತಿಯೊಂದು ಬಿಂದುವಿನಲ್ಲೂ ಅವುಗಳ ಸಂಖ್ಯೆ ಸಮವಾಗಿರಬೇಕು. ಗೋಪುರದಲ್ಲಿ ಹಾಗಿಲ್ಲ, ಮೂರು ಗೆರೆ ಕೂಡುವ ಮೂಲೆಗಳೇ ತುಂಬಿವೆ. ಹಾಗಾದರೆ ಸೂಜಿ ಮರಳಿ ಬರುವುದು ಹೇಗೆ? ಹಿಂದಿನ ಬೆಂಚಿನ ಹುಡುಗನೊಬ್ಬ, ಲೆಕ್ಕದಲ್ಲಿ ಎಂದೂ ಕೈ ಎತ್ತದವನು, ಎದ್ದು ನಿಂತು ಹೇಳಿದ: "ಟೀಚರ್, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಎಲ್ಲ ಗೆರೆಯೂ ಎರಡಾಗುತ್ತದೆ. ಮೂರು ಇದ್ದದ್ದು ಆರಾಗುತ್ತದೆ."

ಅಷ್ಟೇ. ಮೂರು ಆರಾಗುತ್ತದೆ, ಐದು ಹತ್ತಾಗುತ್ತದೆ, ಬೆಸ ಸಂಖ್ಯೆ ಎಲ್ಲಿಯೂ ಉಳಿಯುವುದಿಲ್ಲ. ಚಿತ್ರ ಎಲ್ಲಿಯೂ ತುಂಡಾಗದೆ ಒಂದಕ್ಕೊಂದು ಕೂಡಿಕೊಂಡಿದ್ದರೆ ಸೂಜಿ ಹೊರಟ ಜಾಗಕ್ಕೆ ಬಂದೇ ಬರುತ್ತದೆ. ಓದು ಬರಹ ಬಾರದ ಎಷ್ಟೋ ಹೆಂಗಸರು ಇದನ್ನು ಬೆರಳಲ್ಲೇ ಅರಿತಿದ್ದರೆಂದು ಹೇಳುವಾಗ ನನ್ನ ಗಂಟಲು ಕಟ್ಟಿತು. ಮಕ್ಕಳು ಗುಂಪು ಗುಂಪಾಗಿ ಕುಳಿತು ಗೋಪುರದ ದಾರಿಯನ್ನು ಹಾಳೆಯ ಮೇಲೆ ಬಿಡಿಸಿಕೊಟ್ಟರು. ಅವರು ಬರೆದುಕೊಟ್ಟ ದಾರಿಯಲ್ಲೇ ನಾನು ಹೆಣೆದದ್ದು. ಮಕ್ಕಳೇ, ಆ ಹಾಳೆ ನನ್ನ ವೈದ್ಯಕೀಯ ಕಡತದಲ್ಲೇ ಇದೆ. ವೈದ್ಯರೂ ನೋಡಿದ್ದಾರೆ.

ಗೋಪುರವನ್ನು ಕೆಂಪು, ಬಿಳಿ, ಹಳದಿ ದಾರಗಳಲ್ಲಿ ಹೆಣೆದದ್ದು ಆ ಎಡಗಡೆಯ ಕಪ್ಪು ಭಾಗದ ಮೇಲೆಯೇ. ಸೀರೆ ಉಟ್ಟಾಗ ಅದು ಪೂರ್ತಿ ಸೆರಗಿನ ಅಡಿಗೆ ಹೋಗುತ್ತದೆ, ಹೊರಗಿನವರಿಗೆ ಕಾಣುವುದು ಖಣ ಮತ್ತು ಸಡಿಲ ತೋಳು ಮಾತ್ರ. ತೋಳಿನ ಮೇಲೆ ಹಾಕಬಹುದಿತ್ತಲ್ಲ, ಎಲ್ಲರೂ ನೋಡುತ್ತಿದ್ದರು ಎಂದು ಅಕ್ಕ ಹೇಳಿದಳು. ನನಗೆ ಅದು ಅಲ್ಲಿಯೇ ಬೇಕಿತ್ತು. ತೆಗೆದ ಸ್ತನದ ಜಾಗಕ್ಕೆಂದು ಸಾಸಿವೆ, ಹತ್ತಿ ತುಂಬಿ ನಾನೇ ಹೊಲಿದುಕೊಂಡಿದ್ದ ಪುಟ್ಟ ಗಾದಿಯನ್ನು ಈಗ ದೂರದ ಪ್ರಯಾಣದಲ್ಲಿ, ಭುಜಗಳ ತೂಕ ಸಮನಾಗಿರಲೆಂದು ಇಟ್ಟುಕೊಳ್ಳುತ್ತೇನೆ. ಉಳಿದ ದಿನ ಅದಿಲ್ಲ. ಹೊರಗೆ ಯಾವ ಗೋಪುರವಿದೆಯೋ ಅದೇ ಒಳಗೆ ನನ್ನ ಗಾಯದ ಗೆರೆಯ ಮೇಲೆ ಕೂಡುತ್ತದೆ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ನೀರು ಹಾಕಿಕೊಳ್ಳುತ್ತಿದ್ದವಳು ಈಗ ಆ ಗೆರೆಯನ್ನು ನೋಡುತ್ತೇನೆ, ಎಣ್ಣೆ ಹಚ್ಚುತ್ತೇನೆ.

ನನ್ನ ಮನೆಯವರಿಗೆ ಏನು ಹೇಳಲಿ? ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿ, ಬಣ್ಣ ಬಿಡದ ದಾರವೇ ಬೇಕೆಂದು ಹಟ ಹಿಡಿದು ತರುತ್ತಿದ್ದಿರಿ. ರಾತ್ರಿ ಜೋಮು ಹಿಡಿದ ಬೆರಳುಗಳಿಗೆ ನಾನು ಕೇಳದೆಯೇ ಸೂಜಿ ಪೋಣಿಸಿ, ಮರುದಿನಕ್ಕೆಂದು ದಿಂಬಿಗೆ ಚುಚ್ಚಿಡುತ್ತಿದ್ದಿರಿ. ಒಂದು ಸಲವೂ "ಇದೆಲ್ಲ ಈಗ ಏಕೆ" ಎನ್ನಲಿಲ್ಲ. ಮಗಳೇ, ನಾನು ಅಳುವಾಗ ನನ್ನನ್ನು ಸುಮ್ಮನಿರಿಸಲು ಹೋಗದೆ ಜೊತೆಗೆ ಕುಳಿತೆಯಲ್ಲ, ಅದಕ್ಕೆ. ಮನಸ್ಸು ತೀರಾ ಕುಸಿದಿದ್ದಾಗ ಮನೋವೈದ್ಯರ ಬಳಿ ಕರೆದುಕೊಂಡು ಹೋದದ್ದಕ್ಕೆ ಕೂಡ. ಸೂಜಿ ದಾರ ತಲುಪದ ಜಾಗಗಳೂ ಇದ್ದವು, ಅಲ್ಲಿಗೆ ಅವರ ಮಾತು ತಲುಪಿತು. ಯಾರಿಗಾದರೂ ಅಂಥ ಹೊತ್ತು ಬಂದಿದ್ದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು.

ಕೊನೆಯದಾಗಿ, ಅಕ್ಕ ತೆಗೆದ ಆ ಕುಪ್ಪಸದ ಅಳತೆಯನ್ನು ನಾವಿಬ್ಬರೂ ಕೂಡಿ ದಪ್ಪ ಹಾಳೆಯ ಮೇಲೆ ಚಿಕ್ಕ, ನಡು, ದೊಡ್ಡ ಎಂದು ಮೂರು ಮೈಕಟ್ಟಿಗೆ ಕತ್ತರಿಸಿ ಇಟ್ಟಿದ್ದೇವೆ. ಎಡಕ್ಕೂ ಬಲಕ್ಕೂ ಬೇರೆ ಬೇರೆ ತುಂಡುಗಳಿವೆ. ನನ್ನಂತೆ ಶಸ್ತ್ರಚಿಕಿತ್ಸೆಯಾದವರು, ಅಥವಾ ಅವರ ಅಕ್ಕತಂಗಿಯರು, ಮಗಳಂದಿರು, ಯಾರು ಕೇಳಿದರೂ ಹಾಳೆ ಕೊಡುತ್ತೇವೆ. ನನ್ನ ಪರಿಚಯದವರ ಮೂಲಕ ತಿಳಿಸಿದರೆ ಸಾಕು. ಮೆತ್ತಗಾದ ಹಳೆಯ ಹತ್ತಿ ಸೀರೆಯೊಂದನ್ನು ಜೊತೆಗೆ ತನ್ನಿ. ಕಾಕು ಕೂಡ ಶನಿವಾರ ಮಧ್ಯಾಹ್ನ ಬಂದು ಕೂರುತ್ತೇನೆಂದು ಒಪ್ಪಿದ್ದಾರೆ. ಮೊದಲು ಮ್ಯಾಟಿ ಬಟ್ಟೆಯ ಮೇಲೆ ನೇರ ಗೆರೆಯನ್ನೇ ಹಾಕಿಸುತ್ತಾರೆ.