ಆ ಹುಡುಗನ ಬಗ್ಗೆ ಬರೆಯುವ ಮೊದಲು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನ ಪತ್ರ ಬಂದು ವಾರವಾಯಿತು. ಹೊಸ ಮನೆ, ಅಲ್ಲಿಯ ಚಳಿ, ಐಸ್ ಹಾಕಿ ತಂಡಕ್ಕಾಗಿ ಹುಡುಗರ ಆಟ ನೋಡಿ ವರದಿ ಬರೆಯುವ ಸ್ಕೌಟ್ ಕೆಲಸದ ಓಡಾಟ ಎಲ್ಲವನ್ನೂ ನಿನ್ನ ಅಮ್ಮನಿಂದ ಆಗಲೇ ಕೇಳಿದ್ದೇನೆ, ಅವುಗಳ ಬಗ್ಗೆ ಬರೆಯುವುದಿಲ್ಲ. ಎರಡನೆಯ ಪುಟದ ಕೊನೆಯಲ್ಲಿ ನೀನು ಬರೆದ ಮಾತು ಮಾತ್ರ ಮನಸ್ಸನ್ನು ಬಿಟ್ಟು ಹೋಗುತ್ತಿಲ್ಲ. ‘ನಾನು ಬೇಡ ಎಂದ ಹುಡುಗ ಮುಂದೆ ದೊಡ್ಡ ಗೋಲ್‌ಕೀಪರ್ ಆದರೆ ಜನ ನಗುತ್ತಾರೆ, ಅದನ್ನು ಹೇಗೋ ತಡೆದುಕೊಳ್ಳುತ್ತೇನೆ. ನಾನು ಬೇಡ ಎಂದು ಬರೆದದ್ದರಿಂದಲೇ ಅವನು ಏನೂ ಆಗದೆ ಹೋದರೆ? ಅದು ಯಾರಿಗೂ ಗೊತ್ತೇ ಆಗುವುದಿಲ್ಲವಲ್ಲ, ದೊಡ್ಡಪ್ಪ.’

ಮೊದಲ ಸಲ ಓದಿದಾಗ ನಿನಗೆ ಧೈರ್ಯ ಹೇಳುವುದು ಸುಲಭ ಎಂದುಕೊಂಡೆ. ಇಷ್ಟು ವರ್ಷ ಮಾಂಟ್ರಿಯಲ್‌ನಲ್ಲಿದ್ದವನಿಗೆ ಹೆಸರುಗಳಿಗೇನು ಬರ. ಗೋಲ್‌ಕೀಪರ್ ಡೊಮಿನಿಕ್ ಹಾಶೆಕ್ 1983ರ ಡ್ರಾಫ್ಟಿನಲ್ಲಿ, ಅಂದರೆ ಇಲ್ಲಿಯ ದೊಡ್ಡ ಹಾಕಿ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವಾಗ, 199ನೆಯವನಾಗಿ ಆಯ್ಕೆಯಾದ. ಮುಂದೆ, ವರ್ಷದ ಶ್ರೇಷ್ಠ ಗೋಲ್‌ಕೀಪರನಿಗೆ ಕೊಡುವ ವೆಝಿನಾ ಟ್ರೋಫಿಯನ್ನು ಆರು ಸಲ ಗೆದ್ದ. ಸ್ವೀಡನ್ನಿನ ಹೆನ್ರಿಕ್ ಲುಂಡ್‌ಕ್ವಿಸ್ಟ್ 2000ದಲ್ಲಿ 205ನೆಯವನು. ಅದೇ ವರ್ಷ ಎಲ್ಲರಿಗಿಂತ ಮೊದಲು ಆಯ್ಕೆಯಾದವನೂ ಒಬ್ಬ ಗೋಲ್‌ಕೀಪರನೇ, ರಿಕ್ ಡಿಪಿಯೆಟ್ರೊ. ಅವನಿಗಾಗಿ ನ್ಯೂಯಾರ್ಕ್ ಐಲ್ಯಾಂಡರ್ಸ್ ತಂಡ ತನ್ನಲ್ಲೇ ಇದ್ದ ರೊಬೆರ್ಟೊ ಲುವಾಂಗೊನನ್ನು ಫ್ಲೋರಿಡಾಕ್ಕೆ ಬಿಟ್ಟುಕೊಟ್ಟಿತು. ಲುವಾಂಗೊ ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಡಿಪಿಯೆಟ್ರೊನಿಗೆ 2006ರಲ್ಲಿ ಹದಿನೈದು ವರ್ಷಗಳ ಒಪ್ಪಂದ ಸಿಕ್ಕಿತು, ಆಮೇಲೆ ಸೊಂಟ, ಮೊಣಕಾಲು ಕೈಕೊಟ್ಟವು. 2013ರಲ್ಲಿ ತಂಡವೇ ಹಣ ಕೊಟ್ಟು ಒಪ್ಪಂದವನ್ನು ಮುಗಿಸಿತು. ಅವನನ್ನು ಆರಿಸಿದವರು ದಡ್ಡರಾಗಿದ್ದರು ಎಂದು ನಾನು ಹೇಳುವುದಿಲ್ಲ. ಹದಿನೆಂಟರ ಹುಡುಗನ ಸೊಂಟ ಎಷ್ಟು ವರ್ಷ ಬಾಳುತ್ತದೆಂದು ಯಾವ ಸ್ಕೌಟ್ ಹೇಳಬಲ್ಲ?

ಇಷ್ಟನ್ನು ಬರೆದು, ಇನ್ನೂ ನಾಲ್ಕು ಹೆಸರು ಸೇರಿಸಬೇಕೆನ್ನುವಾಗ ಕೈ ನಿಂತಿತು. ಇವು ನಿನ್ನ ಮೊದಲ ಮಾತಿಗಷ್ಟೇ ಉತ್ತರ. ಎರಡನೆಯದಕ್ಕೆ ಅಲ್ಲ. ಹಾಶೆಕ್, ಲುಂಡ್‌ಕ್ವಿಸ್ಟ್ ನಮಗೆ ಗೊತ್ತಿರುವುದು ಅವರು ಮೇಲೆ ಬಂದದ್ದರಿಂದ. ಹದಿನೈದಕ್ಕೇ ಪ್ಯಾಡ್ ಬಿಚ್ಚಿಟ್ಟು ಮನೆಗೆ ಹೋದವರ ಪಟ್ಟಿಯನ್ನು ಯಾರೂ ಇಟ್ಟಿಲ್ಲ. ನೀನು ಹೆದರಿರುವುದು ಅವರಿಗಾಗಿ. ಆ ಹೆದರಿಕೆ ಸುಳ್ಳೆಂದು ಹೇಳಿದರೆ ನಿನಗೆ ಮೋಸ ಮಾಡಿದಂತಾಗುತ್ತದೆ.

ನನ್ನ ಮಗ, ನಿನ್ನ ಅಣ್ಣನ ಆಟ ಯಾಕೆ ನಿಂತಿತು ಎಂಬುದು ಮನೆಯವರಿಗೆಲ್ಲ ಗೊತ್ತಿರುವ ಕಥೆ. ಅದನ್ನು ಮತ್ತೆ ಹೇಳುವುದಿಲ್ಲ. ನಿನಗೆ ಗೊತ್ತಿರದ ಒಂದು ಸಂಗತಿಯನ್ನು ಮಾತ್ರ ಹೇಳುತ್ತೇನೆ. ಅವನ ಬಗ್ಗೆ ಬರೆದ ಕಾಗದ ನನ್ನ ಬಳಿ ಇದೆ. ಅದು 1993ನೇ ಇಸವಿ. ಗೋಲ್‌ಕೀಪರ್ ಪಾತ್ರಿಕ್ ರುವಾ ಮಾಂಟ್ರಿಯಲ್‌ಗೆ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದುಕೊಟ್ಟಿದ್ದ, ಕ್ವಿಬೆಕ್‌ನ ಪ್ರತಿ ಓಣಿಯಲ್ಲೂ ಹುಡುಗರು ಅವನಂತೆ ಮೊಣಕಾಲೂರಿ, ಕಾಲುಗಳನ್ನು ಎರಡೂ ಬದಿಗೆ ಹರಡಿ ಬಟರ್‌ಫ್ಲೈ ಹಾಕುತ್ತಿದ್ದರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಶಾಲೆಯ ಗೋಡೆಗೆ ಅಂಟಿಸುತ್ತಿದ್ದಂತೆ ಹಾಕಿ ಆಡುವ ಐಸ್ ರಿಂಕಿನ ಬಾಗಿಲಿಗೆ ಆಯ್ಕೆಯಾದವರ ಪಟ್ಟಿ ಅಂಟಿಸಿದ್ದರು. ಅವನ ಸಂಖ್ಯೆ ಅದರಲ್ಲಿರಲಿಲ್ಲ. ಒಬ್ಬ ತರಬೇತುದಾರ, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ಮೌಲ್ಯಮಾಪನದ ನಕಲನ್ನು ಅವನ ಕೈಗಿತ್ತ. ಒಂದೇ ಹಾಳೆ. ಸ್ಕೇಟಿಂಗ್, ಗ್ಲೌ, ಬ್ಲಾಕರ್, ರಿಬೌಂಡ್, ಧೈರ್ಯ ಎಂದು ಐದು ಸಾಲು, ಪ್ರತಿಯೊಂದರ ಮುಂದೆ ಪೆನ್ಸಿಲ್ಲಿನಲ್ಲಿ ಅಂಕ. ಕೆಳಗೆ ಫ್ರೆಂಚಿನಲ್ಲಿ ಒಂದು ವಾಕ್ಯ: ಎತ್ತರ ಸಾಲದು, ಈ ಮಟ್ಟಕ್ಕೆ ಎಂದಿಗೂ ಬರಲಾರ. ಹಾಳೆಯ ಮೇಲೆ ತಾರೀಕಿಲ್ಲ, ಯಾವ ಪಂದ್ಯ ನೋಡಿ ಬರೆದದ್ದು ಎಂದಿಲ್ಲ.

ಹದಿನೆಂಟು ತುಂಬುವಷ್ಟರಲ್ಲಿ ಅವನು ನನಗಿಂತ ಒಂದು ಗೇಣು ಎತ್ತರ ಬೆಳೆದ. ಅವನು ಆಡುತ್ತಲೇ ಇದ್ದಿದ್ದರೆ ಏನಾಗುತ್ತಿದ್ದನೋ, ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಅವತ್ತು ಕಾರಿನಲ್ಲಿ ಅವನು ಆ ಹಾಳೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಾಗ ನಾನು ಆಡಿದ್ದು ಒಂದೇ ಮಾತು, ‘ಇನ್ನಾದರೂ ಓದಿನ ಕಡೆ ಗಮನ ಕೊಡು.’ ಇಂದಿಗೂ ಆ ಮಾತು ನನ್ನನ್ನು ಚುಚ್ಚುತ್ತದೆ. ಅವನಿಗೆ ಬಾಗಿಲು ಹಾಕಿದ್ದು ಆ ಹಾಳೆಯೋ, ನನ್ನ ಮಾತೋ, ನಾನು ಬಗೆಹರಿಸಿಕೊಂಡಿಲ್ಲ. ನಿನ್ನ ಪತ್ರ ಓದಿದ ಮೇಲೆ ಹಾಳೆಯನ್ನು ಹುಡುಕಿ ತೆಗೆದು ನೋಡಿದೆ. ‘ಬೇಡ’ ಎಂದು ಬರೆದದ್ದರಲ್ಲಿ ನನಗೆ ಕೋಪ ಬರುವಂಥದ್ದೇನೂ ಕಾಣಲಿಲ್ಲ. ಆ ವರ್ಷ ಅವನಿಗಿಂತ ಒಳ್ಳೆಯ ಹುಡುಗರಿದ್ದರು. ಒಂದು ಸಂಜೆ ನೋಡಿದವನು ಹುಡುಗನ ಇಡೀ ಆಯುಷ್ಯಕ್ಕೆ ಷರಾ ಬರೆದನಲ್ಲ, ಅದು ಸಹಿಸಲಾಗಲಿಲ್ಲ.

ನೀನು ಬರೆಯಬೇಕಾಗಿರುವ ಆ ಉತ್ತರದ ಊರಿನ ಹುಡುಗ ಹದಿನೈದರವನು. ಎರಡು ಪಂದ್ಯ ನೋಡಿದ್ದೀಯೆ, ಒಂದರಲ್ಲಿ ಐದು ಗೋಲು ಬಿಟ್ಟುಕೊಟ್ಟ, ಅವನು ತಡೆದ ಹೊಡೆತಗಳ ಶೇಕಡಾವಾರು ಚೆನ್ನಾಗಿಲ್ಲ ಎನ್ನುತ್ತೀಯೆ. ನಾನು ಸ್ಕೌಟ್ ಅಲ್ಲ, ಮಗನನ್ನು ನಸುಕಿನಲ್ಲಿ ಎಬ್ಬಿಸಿ ರಿಂಕಿಗೆ ಕರೆದೊಯ್ದ ತಂದೆ ಅಷ್ಟೇ. ಆದರೂ ಲೆಕ್ಕ ಹಾಕಿ ನೋಡು. ಒಬ್ಬ ನೂರು ಹೊಡೆತಗಳಲ್ಲಿ ತೊಂಬತ್ತೊಂದನ್ನು ತಡೆಯುತ್ತಾನೆ, ಇನ್ನೊಬ್ಬ ತೊಂಬತ್ತನ್ನು. ಪಂದ್ಯಕ್ಕೆ ಸುಮಾರು ಮೂವತ್ತು ಹೊಡೆತ ಎಂದಿಟ್ಟುಕೊಂಡರೆ ಮೂರು ಪಂದ್ಯಕ್ಕೆ ಒಂದು ಗೋಲಿನ ವ್ಯತ್ಯಾಸ. ಇಪ್ಪತ್ತು ಪಂದ್ಯಗಳಲ್ಲಿ ಆರು ಗೋಲು. ಅವುಗಳಲ್ಲಿ ಎಷ್ಟು ತನ್ನವರದೇ ಸ್ಕೇಟಿಗೆ ತಾಗಿ ತಿರುಗಿದವು, ಎಷ್ಟು ಮುಂದೆ ಮೂವರು ಅಡ್ಡ ನಿಂತಾಗ ಬಂದವು, ಎಷ್ಟು ಈ ಬದಿಯಿಂದ ಆ ಬದಿಗೆ ಪಾಸ್ ಆಗಿ ಖಾಲಿ ಮೂಲೆಗೆ ಹೊಡೆದವು? ಅಂಕಿ ಅದನ್ನು ಹೇಳುವುದಿಲ್ಲ. ಪಾತ್ರಿಕ್ ರುವಾ ಗ್ರಾನ್ಬಿಯಲ್ಲಿ ಜೂನಿಯರ್ ಆಡುತ್ತಿದ್ದಾಗ ಪಂದ್ಯಕ್ಕೆ ಸರಾಸರಿ ನಾಲ್ಕಕ್ಕೂ ಹೆಚ್ಚು ಗೋಲು ಬಿಡುತ್ತಿದ್ದ. ತಂಡ ದುರ್ಬಲ, ಅವನ ಮೇಲೆ ಹೊಡೆತಗಳ ಸುರಿಮಳೆ. 1984ರಲ್ಲಿ ಮಾಂಟ್ರಿಯಲ್‌ನವರು ಅವನನ್ನು 51ನೆಯವನಾಗಿ ಆರಿಸಿದರು. ಎರಡೇ ವರ್ಷದಲ್ಲಿ, ಇಪ್ಪತ್ತರ ವಯಸ್ಸಿಗೆ ಕಪ್ ಗೆದ್ದ. ಆ ಸರಾಸರಿಯನ್ನು ಮಾತ್ರ ಓದಿ ಯಾರಾದರೂ ಬೇಡ ಎಂದಿದ್ದರೆ?

ನೋಡು, ಮತ್ತೆ ಹೆಸರುಗಳ ಬೆನ್ನು ಹತ್ತಿದೆ. ವಯಸ್ಸಾದವರಿಗೆ ಇದೇ ಆಸರೆ.

ನಾನು 1976ರಲ್ಲಿ ಈ ಊರಿಗೆ ಬಂದಾಗ ಹಾಕಿ ಎಂದರೆ ನನಗೆ ಹುಲ್ಲಿನ ಮೇಲಿನ ಆಟ. ಕಚೇರಿಯ ಗೆಳೆಯನೊಬ್ಬ ಮಾಂಟ್ರಿಯಲ್ ತಂಡದ ಕ್ರೀಡಾಂಗಣ ಫೋರಂಗೆ ಕರೆದೊಯ್ದ. ಆಟದ ವೇಗ ಕಣ್ಣಿಗೆ ಸಿಗಲಿಲ್ಲ, ಹಾಗಾಗಿ ನಿಂತೇ ಇದ್ದ ಒಬ್ಬನನ್ನು ನೋಡಿದೆ. ಮಾಂಟ್ರಿಯಲ್‌ನ ಗೋಲ್‌ಕೀಪರ್ ಕೆನ್ ಡ್ರೈಡನ್. ಪಕ್, ಅಂದರೆ ಚೆಂಡಿನ ಬದಲಿಗೆ ಬಳಸುವ ಆ ರಬ್ಬರ್ ಬಿಲ್ಲೆ, ಆ ಕಡೆ ಇದ್ದಾಗ, ಸ್ಟಿಕ್ಕಿನ ತುದಿಯ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗಲ್ಲವೂರಿ ನಿಲ್ಲುತ್ತಿದ್ದ. ಅವನನ್ನು 1964ರಲ್ಲಿ ಬಾಸ್ಟನ್ ಆರಿಸಿ, ಅದೇ ತಿಂಗಳಲ್ಲಿ ಮಾಂಟ್ರಿಯಲ್‌ಗೆ ಕೊಟ್ಟುಬಿಟ್ಟಿತ್ತು. ಬದಲಿಗೆ ಬಾಸ್ಟನ್ನಿಗೆ ಬಂದ ಇಬ್ಬರೂ ಎನ್‌ಎಚ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಡ್ರೈಡನ್ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದ, ಓದಿದ, ನಿಧಾನವಾಗಿ ಬಂದ, 1971ರಲ್ಲಿ ಆರೇ ಲೀಗ್ ಪಂದ್ಯಗಳ ಅನುಭವದಲ್ಲಿ ಕಪ್ ಗೆದ್ದ. ಅಂದು ನನಗೆ ತಿಳಿಯದ್ದು ಈಗ ತಿಳಿಯುತ್ತದೆ. ಗೋಲ್‌ಕೀಪರನನ್ನು ಅಳೆಯಬೇಕಾದರೆ ಪಕ್ ಅವನ ಬಳಿ ಇಲ್ಲದಾಗಲೂ ಅವನನ್ನೇ ನೋಡುತ್ತಿರಬೇಕು.

ನಿನಗೆ ಸಲಹೆ ಕೊಡುವಷ್ಟು ನಾನು ಬಲ್ಲವನಲ್ಲ, ಬೇಡವೆನಿಸಿದರೆ ಬಿಟ್ಟುಬಿಡು. ವಾರ್ಮ್‌ಅಪ್‌ಗೆ ಮೊದಲೇ ಹೋಗಿ ಕೂರು. ಫಿನ್ಲೆಂಡಿನ ಪೆಕ್ಕಾ ರಿನ್ನೆ ಆಗ ತನ್ನ ತಂಡದಲ್ಲಿ ಎರಡನೆಯ ಗೋಲ್‌ಕೀಪರ್, ಪಂದ್ಯ ಆಡುತ್ತಿದ್ದುದೇ ಅಪರೂಪ. ನ್ಯಾಶ್ವಿಲ್‌ನ ಸ್ಕೌಟ್ ಅವನನ್ನು ಹೆಚ್ಚಾಗಿ ನೋಡಿದ್ದು ಪಂದ್ಯಕ್ಕೆ ಮುಂಚಿನ ಆ ಅಭ್ಯಾಸದಲ್ಲೇ. 2004ರಲ್ಲಿ 258ನೆಯವನಾಗಿ ಆರಿಸಿದರು, 2018ರಲ್ಲಿ ವೆಝಿನಾ ಗೆದ್ದ. ಒಂದು ಅವಧಿಯನ್ನು ನೆಟ್ಟಿನ ಹಿಂದೆ, ಗಾಜಿನ ಹತ್ತಿರ ಕೂತು ನೋಡು. ಹೊಡೆತ ಬರುವ ಮೊದಲೇ ಅವನ ಕಾಲು ನೆಲೆ ನಿಂತಿರುತ್ತದೆಯೋ, ಅಥವಾ ಜಾರುತ್ತಲೇ ಹೊಡೆತ ಎದುರಿಸುತ್ತಾನೋ? ಪಕ್ ಗ್ಲೌ ಸೇರುವವರೆಗೂ ತಲೆ ಅದರ ಹಿಂದೆಯೇ ತಿರುಗುತ್ತದೆಯೋ? ಮುಂದೆ ಜನ ಅಡ್ಡ ನಿಂತಾಗ ಕತ್ತು ಚಾಚಿ ಹುಡುಕುತ್ತಾನೋ, ಸುಮ್ಮನೆ ಮೊಣಕಾಲೂರಿ ದೇವರ ಮೇಲೆ ಭಾರ ಹಾಕುತ್ತಾನೋ? ಗೋಲು ಬಿದ್ದ ಮೇಲಿನ ಐದು ನಿಮಿಷವನ್ನು ಬಿಡಬೇಡ. ಆ ಐದು ಗೋಲಿನ ಪಂದ್ಯದಲ್ಲಿ ಐದನೆಯದರ ನಂತರ ಅವನು ಏನು ಮಾಡಿದ ಎಂದು ನೀನು ಬರೆದಿಲ್ಲ.

ಇನ್ನೊಂದು ಮಾತು, ಇದನ್ನು ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಗೋಲ್ ಕಂಬಕ್ಕೆ ಕಾಲು ಒತ್ತಿ ಮೂಲೆ ಮುಚ್ಚುವುದು, ಗೋಲಿನ ಮುಂದಿನ ಕ್ರೀಸಿನಲ್ಲಿ ಚೊಕ್ಕವಾಗಿ ಬದಿಗೆ ತಳ್ಳಿಕೊಂಡು ಹೋಗುವುದು, ಇವೆಲ್ಲ ಇಂದು ಹಣ ಕೊಟ್ಟರೆ ಕಲಿಯಲು ಸಿಗುತ್ತವೆ. ದೊಡ್ಡ ನಗರದ ಹುಡುಗನಿಗೆ ಹತ್ತನೆಯ ವಯಸ್ಸಿನಿಂದಲೇ ಬೇರೆ ತರಬೇತುದಾರ, ಬೇಸಿಗೆ ಶಿಬಿರ. ನಿನ್ನ ಹುಡುಗನ ಊರಿನಲ್ಲಿ ಗೋಲ್‌ಕೀಪರ್ ಕೋಚ್ ಇದ್ದಾನೆಯೇ, ಕೇಳಿದೆಯಾ? ಒರಟಾಗಿ ಆಡಿಯೂ ಪಕ್ ಎಲ್ಲಿ ಹೋಗುತ್ತದೆಂದು ಮೊದಲೇ ತಿಳಿಯುವವನನ್ನು, ಚೊಕ್ಕವಾಗಿ ಆಡಿಯೂ ತಡವಾಗಿ ತಲುಪುವವನ ಕೆಳಗೆ ಇಡಬೇಡ. ಎತ್ತರದ ಮಾತೂ ಅಷ್ಟೇ. ಈಗ ಆರಡಿ ಎರಡು-ಮೂರು ಇಂಚು ಇಲ್ಲದಿದ್ದರೆ ತಂಡದವರು ಪುಟ ತಿರುಗಿಸುತ್ತಾರೆಂದು ನೀನೇ ಹೇಳಿದ್ದೆ. ಆರು ಅಡಿಯ ಡಸ್ಟಿನ್ ವುಲ್ಫ್‌ನನ್ನು 2019ರಲ್ಲಿ 217 ಜನರಲ್ಲಿ 214ನೆಯವನಾಗಿ ಆರಿಸಿದರು. ಇಂದು ಅವನು ಕ್ಯಾಲ್ಗರಿಯ ಗೋಲ್‌ಕೀಪರ್. ಗೋಲಿನ ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ. ಅದನ್ನು ತುಂಬಲು ದೇಹ ಬೇಕು, ಒಪ್ಪುತ್ತೇನೆ. ಆದರೆ ಹದಿನೈದರ ಹುಡುಗನ ದೇಹ ಇನ್ನೂ ತೀರ್ಮಾನವಾಗಿಲ್ಲ. ಒಂದೇ ಇಸವಿಯಲ್ಲಿ ಹುಟ್ಟಿದವರ ಬೆಳವಣಿಗೆಯಲ್ಲೂ ವರ್ಷದಷ್ಟು ಅಂತರವಿರಬಹುದು, ಅವನು ಜನವರಿಯಲ್ಲಿ ಹುಟ್ಟಿದವನೋ ಡಿಸೆಂಬರಿನಲ್ಲೋ, ಅದನ್ನಾದರೂ ನೋಡು.

ನಿನ್ನ ಭಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಇಷ್ಟೆಲ್ಲ ನೋಡಿದ ಮೇಲೂ ನೀನು ‘ಬೇಡ’ ಎಂದೇ ಬರೆಯಬೇಕಾಗಬಹುದು. ತಂಡಕ್ಕೆ ಇಬ್ಬರು ಗೋಲ್‌ಕೀಪರ್, ಆಡುವವನು ಒಬ್ಬ. ಹೊರಗೆ ಉಳಿಯುವವರು ಇದ್ದೇ ಇರುತ್ತಾರೆ. ಕಾನರ್ ಹೆಲ್ಲೆಬಕ್ ಮಿಷಿಗನ್‌ನಲ್ಲಿ ಶಾಲೆಯ ತಂಡಕ್ಕೆ ಆಡಿ, ಆಮೇಲೆ ಟೆಕ್ಸಸ್‌ನ ಒಡೆಸ್ಸಾ ಎಂಬ ಊರಿಗೆ ಹೋಗಿ ಆಡಿದ. ಹಾಕಿ ನೋಡಲು ಟೆಕ್ಸಸ್ಸಿಗೆ ಯಾರು ಹೋಗುತ್ತಾರೆ? ಆದರೂ ಯಾರೋ ಹೋಗಿದ್ದರು. 2012ರಲ್ಲಿ 130ನೆಯವನು, ಈಗ ಮೂರು ವೆಝಿನಾ, 2025ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿ. ಮೊದಲು ನೋಡಿದವರು ಬಿಟ್ಟರೂ, ಎರಡನೆಯವರು ನೋಡಲು ಅವನು ಇನ್ನೂ ಆಡುತ್ತಿದ್ದ. ನಿನ್ನ ಕೈಯಲ್ಲಿರುವುದು ಇಷ್ಟೇ ಎನಿಸುತ್ತದೆ, ಮಗಳೇ: ಅವನು ಆಡುವುದನ್ನು ಬಿಡುವಂತೆ ಬರೆಯದಿರುವುದು. ತಾರೀಕು ಹಾಕು. ಯಾವ ಪಂದ್ಯ, ಎದುರಾಳಿ ಯಾರು, ಎಷ್ಟು ಹೊಡೆತ ಎಂದು ಬರೆ. ಕಂಡದ್ದನ್ನು ಬರೆ, ‘ಈ ವರ್ಷ ನಮ್ಮ ತಂಡಕ್ಕೆ ಬೇಡ’ ಎಂದು ಬರೆ, ಅಲ್ಲಿಗೆ ನಿಲ್ಲಿಸು. ನಿಮ್ಮ ತಂಡದ ನಿಯಮ ಒಪ್ಪುವುದಾದರೆ, ಮುಂದಿನ ಚಳಿಗಾಲಕ್ಕೆ ಮತ್ತೆ ನೋಡಬೇಕಾದವರ ಪಟ್ಟಿಯಲ್ಲಿ ಅವನ ಹೆಸರಿಡು. ಅವನ ತರಬೇತುದಾರನಿಗೆ ಫೋನ್ ಮಾಡಿ, ಹುಡುಗ ಯಾವುದನ್ನು ತಿದ್ದಿಕೊಳ್ಳಬೇಕೆಂದು ಒಂದು ವಿಷಯ ಹೇಳು. ಒಂದೇ ಸಾಕು.

ಇದರಿಂದ ನಿನ್ನ ಭಯ ಹೋಗುತ್ತದೆಯೇ? ಇಲ್ಲ. ಯಾವುದೋ ಹುಡುಗ ನಿನ್ನ ಸಾಲಿನಿಂದಲೇ ಆಟ ಬಿಟ್ಟಿರಬಹುದು, ಅದು ನಿನಗೆ ತಿಳಿಯದೇ ಇರಬಹುದು. ನಿನ್ನ ಅಣ್ಣನ ಹಾಳೆ ಬರೆದವನಿಗೂ ತಿಳಿದಿಲ್ಲ. ಈ ಭಾರವನ್ನು ನಿನ್ನಿಂದ ಇಳಿಸುವ ದಾರಿ ನನಗೆ ಗೊತ್ತಿದ್ದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ.

ಸೋಮವಾರದೊಳಗೆ ವರದಿ ಕೊಡಬೇಕು ಎಂದಿದ್ದೀಯೆ. ಸಾಧ್ಯವಾದರೆ ಶನಿವಾರ ಅವನ ಪಂದ್ಯಕ್ಕೆ ಇನ್ನೊಮ್ಮೆ ಹೋಗು. ದಾರಿಯಲ್ಲಿ ಹಿಮ ಬಿದ್ದರೆ ರಾತ್ರಿ ಕಾರು ಓಡಿಸಬೇಡ, ಅಲ್ಲೇ ಉಳಿದುಕೋ, ಖರ್ಚು ನಾನು ಕೊಡುತ್ತೇನೆ. ವರದಿಯ ವಾಕ್ಯಗಳನ್ನು ಕಳಿಸುವ ಮೊದಲು ಫೋನಿನಲ್ಲಿ ನನಗೆ ಓದಿ ಹೇಳಬೇಕೆನಿಸಿದರೆ ಓದು, ಹುಡುಗನ ಹೆಸರು ಹೇಳುವುದು ಬೇಡ. ನಿನ್ನ ಅಣ್ಣನಿಗೂ ಒಮ್ಮೆ ಫೋನ್ ಮಾಡು. ಇದರ ಬಗ್ಗೆ ಅವನು ನನ್ನೊಡನೆ ಮಾತನಾಡಿಲ್ಲ, ನಿನ್ನೊಡನೆ ಮಾತನಾಡಬಹುದು.

ಇಂತಿ ನಿನ್ನ,
ದೊಡ್ಡಪ್ಪ