ನಿನ್ನೆ ಏನು ಮಾಡಿದೆ, ಅದನ್ನು ಹೇಳು

ಶಿಡ್ಲಘಟ್ಟ
ಭಾನುವಾರ

ಪ್ರೀತಿಯ ಮಗುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಪ್ರಶ್ನೆಗಳ ಪಟ್ಟಿ ಸಿಕ್ಕಿತು. ದೆಹಲಿಯಲ್ಲಿ ನಡೆಯೋ ಐಎಎಸ್ ಪರೀಕ್ಷೆಯ ಸಂದರ್ಶನಕ್ಕೆ ಅಂತ ಕೋಚಿಂಗ್‌ನವರು ಬರೆದುಕೊಟ್ಟ ಮಾದರಿ ಉತ್ತರಗಳನ್ನೂ ಕೂತು ಓದಿದೆ. ನಿನ್ನ ಜೀವನದೃಷ್ಟಿ ಏನು, ದಿನಚರಿ ಹೇಗೆ, ಕೋಪ ಬಂದರೆ ಏನು ಮಾಡ್ತೀಯ, ಬಿಡುವಾದಾಗ ಏನು ಮಾಡ್ತೀಯ ಅನ್ನೋದಕ್ಕೆಲ್ಲ ನಿನ್ನನ್ನು ನೋಡೇ ಇರದ ಯಾರೋ ಉತ್ತರ ಬರೆದಿದ್ದಾರೆ. ಬಜೆಟ್ಟಿಗೆ, ಸಂವಿಧಾನದ ವಿಧಿಗಳಿಗೆ ಇನ್ನೊಬ್ಬರ ಟಿಪ್ಪಣಿ ಓದೋದು ಸರಿ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳ್ತೀಯ ಅನ್ನೋದಕ್ಕೂ ಟಿಪ್ಪಣಿ ಬೇಕೇನೇ? “ಐದು ಗಂಟೆಗೆ ಎದ್ದು ಧ್ಯಾನ ಮಾಡುತ್ತೇನೆ” ಅಂತಿದೆ ಅದರಲ್ಲಿ. ನಿಮ್ಮಮ್ಮನ ಕಣ್ಣಿಗೆ ಬಿದ್ದರೆ ಊರಿಗೆಲ್ಲ ಹೇಳಿಕೊಂಡು ನಗ್ತಾಳೆ.

ನಿನ್ನ ಹೆದರಿಕೆ ಅರ್ಥವಾಗುತ್ತೆ. ಬರೆಯೋ ಪರೀಕ್ಷೆಗೆ 1750 ಅಂಕ, ಅರ್ಧ ಗಂಟೆಯ ಈ ಮಾತುಕತೆಗೆ 275. ಆದರೂ ಆ ಹಾಳೆಗಳನ್ನು ಪಕ್ಕಕ್ಕಿಡು.

ನಾನು ಅಂಥ ಸಂದರ್ಶನಕ್ಕೆ ಹೋದವಳಲ್ಲ. ಆದರೆ ನಮ್ಮಂಥ ಟೀಚರ್‌ಗಳಿಗೆ ಸರ್ಕಾರ ಪ್ರಶ್ನೆ ಕೇಳುವ ಕೆಲಸವನ್ನೂ ಹಚ್ಚುತ್ತಲ್ಲ, ಹಾಗಾಗಿ ಎದುರು ಬದಿಯಲ್ಲಿ ಕೂತು ಗೊತ್ತು. 2010ರಲ್ಲಿ ಜನಗಣತಿಯ ಮೊದಲ ಹಂತವಾದ ಮನೆಪಟ್ಟಿಗೆ 35 ಪ್ರಶ್ನೆ, 2011ರ ಫೆಬ್ರವರಿಯಲ್ಲಿ ಜನರ ಎಣಿಕೆಗೆ 29. ನೀರು ಎಲ್ಲಿಂದ ತರ್ತೀರಿ, ಒಲೆಗೆ ಏನು ಉರಿಸ್ತೀರಿ, ಕಕ್ಕಸು ಇದೆಯಾ, ರೇಡಿಯೋ ಇದೆಯಾ, ಸೈಕಲ್ ಇದೆಯಾ. ಕಾಗದದ ಮೇಲೆ ಇವು ಒಣ ಲೆಕ್ಕ. ಬಾಗಿಲಲ್ಲಿ ನಿಂತು ಕೇಳಿದರೆ ಎಷ್ಟು ಖಾಸಗಿ ಅಂತ ತಿಳಿಯುತ್ತೆ. ಪಕ್ಕದ ಮನೆಯವಳು ಜಗಲಿ ಮೇಲೆ ಕಿವಿ ಬಿಟ್ಟುಕೊಂಡು ಕೂತಿದ್ದರೆ ಸೌದೆ ಒಲೆ ಗ್ಯಾಸ್ ಆಗಿಬಿಡುತ್ತೆ!

ಕೆಲಸದ ಪ್ರಶ್ನೆಯಂತೂ ಕೇಳಲೇಬೇಡ. ಹೋದ ವರ್ಷ ಏನಾದರೂ ಕೆಲಸ ಮಾಡಿದ್ದೀರಾ ಅಂದರೆ, ಹಿಪ್ಪುನೇರಳೆ ಸೊಪ್ಪಿನ ಹೊರೆ ಆಗತಾನೇ ಇಳಿಸಿದವಳು ಸೆರಗಲ್ಲಿ ಮುಖ ಒರೆಸ್ತಾ, “ನಂದೇನ್ ಕೆಲ್ಸ ಟೀಚರ್, ಸುಮ್ನೆ ಮನೇಲಿದೀನಿ” ಅನ್ನೋಳು. ಹೆಂಗಸರ ಕೆಲಸ ಬಿಟ್ಟುಹೋಗುತ್ತೆ, ಕೆದಕಿ ಕೇಳಿ ಅಂತ ತರಬೇತಿಯಲ್ಲೇ ಹೇಳಿದ್ದರು. ನಾನು ಪೆನ್ನು ಕೆಳಗಿಟ್ಟು, “ಆಯ್ತಮ್ಮ, ನಿನ್ನೆ ಎದ್ದಾಗಿಂದ ಏನೇನ್ ಮಾಡಿದ್ರಿ?” ಅಂತಿದ್ದೆ. ಆಗ ಬರೋದು ನೋಡು: ಕತ್ತಲಲ್ಲಿ ಎದ್ದಿದ್ದು, ಹಾಲು ಕರೆದು ಡೈರಿಗೆ ಹಾಕಿದ್ದು, ಸೊಪ್ಪು ಕೊಯ್ದಿದ್ದು, ರೇಷ್ಮೆ ಹುಳಕ್ಕೆ ಹಾಕಿದ್ದು, ಮುದ್ದೆ ತೊಳಸಿದ್ದು, ಮತ್ತೆ ಸೊಪ್ಪು, ಮತ್ತೆ ಹಾಲು. ಹೇಳ್ತಾ ಹೇಳ್ತಾ ಅವಳಿಗೇ ಆಶ್ಚರ್ಯ. ನೀವು ಎಂಥವರು ಅಂತ ಕೇಳಿದಾಗ ಊರು ಒಪ್ಪೋ ಉತ್ತರ ಬರುತ್ತೆ. ನಿನ್ನೆಯ ದಿನ ಕೇಳಿದಾಗ ಆ ಮನುಷ್ಯಳೇ ಎದುರಿಗೆ ಬಂದು ಕೂರ್ತಾಳೆ.

ಇದು ನನ್ನೊಬ್ಬಳ ಉಪಾಯವೇನೂ ಅಲ್ಲ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲೂ ಹೀಗೇ ಕೇಳ್ತಾರೆ: ಹಿಂದಿನ ದಿನ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಅರ್ಧರ್ಧ ಗಂಟೆಯ ಲೆಕ್ಕ. 2024ರ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರದು ದಿನಕ್ಕೆ 289 ನಿಮಿಷ ಬಂತು, ಗಂಡಸರದು 88. ಮನೆಗೆಲಸದ ಬಗ್ಗೆ ನಿಮ್ಮ ಅಭಿಪ್ರಾಯವೇನು ಅಂತ ಕೇಳಿದ್ದರೆ ಈ ಅಂಕಿ ಬರ್ತಿತ್ತಾ? ನಿಮ್ಮಪ್ಪನೂ ಸಮಾನತೆಯ ಬಗ್ಗೆ ಚೆನ್ನಾಗೇ ಮಾತಾಡ್ತಾನೆ. ನನ್ನ ಮೈದುನನೇ, ನನಗೆ ಗೊತ್ತಿಲ್ವಾ.

ಆದ್ದರಿಂದ ನೀನು ಮಾಡಬೇಕಾದ್ದು ಇಷ್ಟು. ಬೆಂಗಳೂರು ವಿಜಯನಗರದ ನಿನ್ನ ರೂಮಿನಲ್ಲಿ ಕೂತು ನಿನ್ನೆಯ ದಿನವನ್ನು ಬರಿ. ಏಳೂವರೆಗೆ ಎದ್ದಿದ್ದರೆ ಏಳೂವರೆ ಅಂತಲೇ ಬರಿ. ಫೋನ್ ಉಜ್ಜುತ್ತಾ ಮಲಗಿದ್ದ ಹೊತ್ತನ್ನೂ ಬಿಡಬೇಡ. ಊರಿಗೆ ಬಂದಾಗಿನ ಒಂದು ದಿನವನ್ನೂ ಹಾಗೇ ಬರಿ. ಆಮೇಲೆ ಜೀವನದೃಷ್ಟಿಯ ಪ್ರಶ್ನೆಗಳನ್ನು ಆ ಎರಡು ಹಾಳೆಯ ಪಕ್ಕ ಇಟ್ಟು ನೋಡು. ಉತ್ತರ ಅಲ್ಲಿದ್ದರೆ ನಿನ್ನದು. ಇಲ್ಲದಿದ್ದರೆ ಎಷ್ಟೇ ಅಂದವಾಗಿದ್ದರೂ ಹೇಳಬೇಡ, ಎರಡನೇ ಮರುಪ್ರಶ್ನೆಗೇ ಸಿಕ್ಕಿಬೀಳ್ತೀಯ.

ಅರ್ಜಿಯ ಹವ್ಯಾಸದ ಕಾಲಂನಲ್ಲಿ ‘ಓದು, ಟ್ರೆಕ್ಕಿಂಗ್’ ಅಂತ ತುಂಬಿದ್ದೀಯ. ಟ್ರೆಕ್ಕಿಂಗ್ ಅಂದರೆ ಗೆಳತಿಯರ ಜೊತೆ ಸ್ಕಂದಗಿರಿ ಹತ್ತಿದ್ದು ತಾನೇ? (ನಮಗದು ಕಳವಾರ ಬೆಟ್ಟ. ಬೆಂಗಳೂರಿನವರು ಮಂಜು ನೋಡೋಕೆ ಬರೋದು ಶುರುವಾದ ಮೇಲೆ ಎಲ್ಲರ ಬಾಯಲ್ಲೂ ಸ್ಕಂದಗಿರಿ.) ತುಂಬಿದ್ದು ತುಂಬಿ ಆಗಿದೆ. ಕೇಳಿದರೆ, ಹತ್ತಿರದ ಒಂದೆರಡು ಬೆಟ್ಟ ಹತ್ತಿದ್ದೇನೆ, ಇನ್ನೂ ಹತ್ತುವ ಆಸೆಯಿದೆ ಅನ್ನು. ಹಿಮಾಲಯದ ಹೆಸರುಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಡ.

ನನಗೆ ಬೇಜಾರಾಗಿದ್ದು ಬೇರೆ. ಆ ಅಷ್ಟು ಉತ್ತರಗಳಲ್ಲಿ ಒಂದು ಕಡೆಯೂ ಹುಳದ ಮನೆ ಇಲ್ಲ. ಸ್ಕೂಲಿಗೆ ಹೋಗೋ ಮುಂಚೆ ಸೊಪ್ಪು ಹಾಕಿ ಕೈ ತೊಳೆದುಕೊಂಡು ಓಡ್ತಿದ್ದವಳು ನೀನು. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ಆ ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಮನೆಯಲ್ಲಿ ಯಾರಿಗೆ ನಿದ್ದೆ ಇರ್ತಿತ್ತು ಹೇಳು. ಇಡೀ ಬೆಳೆ ತಿನ್ನೋ ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಆ ಒಂದು ವಾರದಲ್ಲೇ ಮುಗಿಯುತ್ತೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಅಂಥದ್ದೇ ವಾರಕ್ಕೆ ಬಿದ್ದಾಗ ನೀನು ಹುಳದ ಮನೆಯ ಹೊರಗೆ ಕೂತು ಓದಿದ್ದೀಯ. ಒತ್ತಡವನ್ನು ಹೇಗೆ ನಿಭಾಯಿಸ್ತೀರಿ ಅಂತ ಕೇಳಿದರೆ ಧ್ಯಾನ, ಸಂಗೀತ ಅಂತ ಯಾಕೆ ಹೇಳಬೇಕು?

ತಾಳ್ಮೆಯ ಪ್ರಶ್ನೆಯೂ ಪಟ್ಟಿಯಲ್ಲಿದೆ. ಹುಳ ಜ್ವರಕ್ಕೆ ಕೂತಾಗ ಏನು ಮಾಡ್ತೀವಿ? ತಲೆ ಎತ್ತಿಕೊಂಡು ಅಲುಗಾಡದೆ ಕೂತಿರುತ್ತೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ ಹಾಸಿಗೆ ಒಣಗಿಸಿ ಕಾಯಬೇಕು. ಮೊದಲು ಎದ್ದ ನಾಲ್ಕು ಹುಳಕ್ಕೆ ಪಾಪ ಅಂತ ಸೊಪ್ಪು ಹಾಕಿದರೆ ಬೆಳೆಯೆಲ್ಲ ಹಿಂದೆ ಮುಂದೆ ಆಗಿ, ಒಟ್ಟಿಗೆ ಹಣ್ಣಾಗಲ್ಲ, ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡುವಾಗ ಪಾಡು ಪಡಬೇಕು. ಹೆಚ್ಚುಕಡಿಮೆ ಎಲ್ಲವೂ ಏಳೋವರೆಗೆ ಕಾಯೋದನ್ನು ನೀನು ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಕಲಿತಿದ್ದೀಯ. ಆಡಳಿತಕ್ಕೆ ಬರೋಳು ಇದನ್ನು ಹೇಳಿದರೆ ಬೋರ್ಡಿನವರು ಮುಂದಕ್ಕೆ ಬಾಗಿ ಕೇಳ್ತಾರೆ. ಕೇಳದಿದ್ದರೂ ನಷ್ಟವಿಲ್ಲ, ಅದರಲ್ಲಿ ನೀನು ತೊದಲೋದಿಲ್ಲ.

ಆದರ್ಶ ವ್ಯಕ್ತಿ ಯಾರು ಅಂದರೆ ಚಿಕ್ಕಬಳ್ಳಾಪುರದವರೆಲ್ಲ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಅಂತಾರೆ. ಹೇಳು, ಬೇಡ ಅನ್ನಲ್ಲ. ಅವರಿಂದ ನಿನ್ನ ದಿನದೊಳಕ್ಕೆ ಬಂದದ್ದು ಏನು ಅಂತ ಮರುಪ್ರಶ್ನೆ ಬಂದೇ ಬರುತ್ತೆ, ಅದಕ್ಕೆ ತಯಾರಿರು. ನನ್ನನ್ನು ಕೇಳಿದರೆ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರು ಹೇಳ್ತೀನಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರೂ ಖಾದಿ, ಗಾಂಧಿ ಟೋಪಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೊಠಡಿ ಬಿಡಲಿಲ್ಲ. ಅವರ ಸರಳತೆಗೆ ಭಾಷಣ ಬೇಕಿರಲಿಲ್ಲ, ಆ ಕೊಠಡಿ ನೋಡಿದರೆ ಸಾಕಿತ್ತು.

ಜಿಲ್ಲೆಯ ನೀರಿನ ಬಗ್ಗೆ ಕೇಳೇ ಕೇಳ್ತಾರೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡೋದು, ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನೋದು, ಇವನ್ನೆಲ್ಲ ಓದಿಕೊಂಡಿರ್ತೀಯ. ಕುಡಿಯೋಕೆ ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಹಿಪ್ಪುನೇರಳೆಗೆ ಬೋರಿನ ನೀರು ಅಂತ ನಿಮ್ಮಮ್ಮ ದಿನಾ ಬೇರೆ ಮಾಡ್ತಾಳಲ್ಲ, ಮಾತು ಅಲ್ಲಿಂದ ಶುರು ಮಾಡು, ಅಂಕಿ ಆಮೇಲೆ ಬರಲಿ. ಕನ್ನಡದಲ್ಲೇ ಉತ್ತರಿಸೋಕೆ ತೀರ್ಮಾನ ಮಾಡಿದ್ದು ಒಳ್ಳೇದಾಯ್ತು. ಪಕ್ಕದಲ್ಲಿ ದುಭಾಷಿ ಇರ್ತಾರೆ, ಗಿಡ್ಡ ವಾಕ್ಯದಲ್ಲಿ ಮಾತಾಡು.

ಇನ್ನು ಉತ್ತರ ಕೊಡಬೇಕಿಲ್ಲದ ಪ್ರಶ್ನೆಗಳು. ಜನಗಣತಿಗೆ ಉತ್ತರಿಸೋದು ಕಾನೂನಿನ ಪ್ರಕಾರ ಕಡ್ಡಾಯ. ಅಷ್ಟಿದ್ದರೂ 1948ರ ಕಾಯ್ದೆಯ 8ನೇ ಕಲಮಿನಲ್ಲಿ, ಹೆಂಗಸು ತನ್ನ ಗಂಡನ ಹೆಸರನ್ನಾಗಲಿ, ಸಂಪ್ರದಾಯದಂತೆ ಹೇಳಬಾರದ ಬೇರೆ ಹೆಸರನ್ನಾಗಲಿ ಹೇಳಲೇಬೇಕೆಂದಿಲ್ಲ ಅಂತ ಬರೆದಿದೆ. ನಿಮ್ಮಜ್ಜಿ ಕೊನೆವರೆಗೂ ಅಜ್ಜನ ಹೆಸರು ಬಾಯಲ್ಲಿ ಆಡಲಿಲ್ಲ, ಪಕ್ಕದಲ್ಲಿದ್ದ ಹುಡುಗರ ಕೈಲಿ ಹೇಳಿಸೋಳು. ಆ ಸಂಪ್ರದಾಯ ನನಗೇನೂ ಇಷ್ಟವಿಲ್ಲ. ಆದರೆ ಇಡೀ ದೇಶವನ್ನು ಕೇಳೋ ಕಾಯ್ದೆಯೇ ಒಂದು ಮಾತನ್ನು ನಿನ್ನೊಳಗೇ ಇಟ್ಟುಕೋ ಅಂತ ಬಿಟ್ಟಿದೆ ನೋಡು, ಅದು ಇಷ್ಟ. ಮೇಲಾಗಿ, ಗಣತಿಯಲ್ಲಿ ಹೇಳಿದ್ದನ್ನು ಯಾರೂ ತೆಗೆಸಿ ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ನಮ್ಮ ನೆಂಟರಿಗೆ ಅಂಥ ಕಟ್ಟು ಯಾವುದಿದೆ?

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಹೋದಾಗ “ನೀವು ಯಾವ ಕಡೆ?” ಅಂತ ಶುರುಮಾಡಿ, “ಮನೆದೇವರು ಯಾವುದು?” ಅಂತ ಸುತ್ತಿ, “ನಾನ್‌ವೆಜ್ ತಿಂತೀರಾ?” ಅಂತ ಬಂದು ನಿಲ್ತಾರೆ. ಕೇಳ್ತಿರೋದು ಜಾತಿ. ಯಾವ ಕಡೆ ಅಂದರೆ ಶಿಡ್ಲಘಟ್ಟದ ಕಡೆ ಅನ್ನು, ಅಲ್ಲಿಗೆ ನಿಲ್ಲಿಸು. ನಿಂತ ಮಾತಿನ ಖಾಲಿಯನ್ನು ತುಂಬೋಕೆ ನೀನು ಇನ್ನೊಂದು ಮಾತು ಸೇರಿಸಬೇಡ, ಅವರೇ ತುಂಬಿಕೊಳ್ಳಲಿ. ಸುಳ್ಳು ಮಾತ್ರ ಹೇಳಬೇಡ. ಮನೆ ಸಿಗಲಿ ಅಂತ ಮಾಂಸ ಮುಟ್ಟಲ್ಲ ಅಂದುಬಿಟ್ಟರೆ, ಆಮೇಲೆ ಪ್ರತಿ ಭಾನುವಾರ ಕಿಟಕಿ ಮುಚ್ಚಿಕೊಂಡು ಸಾರು ಮಾಡಬೇಕಾಗುತ್ತೆ.

ಮದುವೆ ಯಾವಾಗ ಅನ್ನೋ ಪ್ರಶ್ನೆಯೇ ನಿನಗೆ ಎಲ್ಲಕ್ಕಿಂತ ಕಿರಿಕಿರಿ ಅಂತ ಬರೆದಿದ್ದೀಯ. ಯುಗಾದಿಗೆ ಬಂದರೆ ಅದು ತಪ್ಪಿದ್ದಲ್ಲ. ನಗುತ್ತಾ, ಗೊತ್ತಾದಾಗ ನಿಮಗೂ ಹೇಳ್ತೀನಿ ಅನ್ನು. ಮತ್ತೆ ಕೇಳಿದರೆ ಅದನ್ನೇ, ಅದೇ ದನಿಯಲ್ಲಿ ಹೇಳು. ಕಾರಣ ಕೊಡೋಕೆ ಹೋದೆಯೋ, ಒಂದೊಂದು ಕಾರಣಕ್ಕೂ ಅವರ ಹತ್ತಿರ ಒಬ್ಬೊಬ್ಬ ಗಂಡು ಇರ್ತಾನೆ. ನಿಮ್ಮಮ್ಮನಿಗೆ ಮಾತ್ರ ನಿಜವಾದ ಉತ್ತರವನ್ನೇ ಹೇಳು. ಈ ಪ್ರಶ್ನೆಗಳನ್ನೆಲ್ಲ ನಿನಗಿಂತ ಮೊದಲು ಎದುರಿಸ್ತಿರೋಳು ಅವಳು, ನಿನ್ನ ಮನಸ್ಸಲ್ಲಿ ಏನಿದೆ ಅಂತ ಅವಳಿಗೂ ಗೊತ್ತಿಲ್ಲ.

ಹುಳ ಮೂರನೇ ಜ್ವರದಲ್ಲಿದೆ. ಬರೋದಾದರೆ ಈ ವಾರವೇ ಬಾ, ಮುಂದಿನ ಜ್ವರ ಎದ್ದ ಮೇಲೆ ಕೂತು ಮಾತಾಡೋಕೆ ಯಾರಿಗೂ ಬಿಡುವಿರಲ್ಲ. ಆ ಎರಡು ಹಾಳೆ ತಗೊಂಡು ಬಾ, ಬೋರ್ಡಿನವರ ಜಾಗದಲ್ಲಿ ನಾನು ಕೂರ್ತೀನಿ.

ನಿನ್ನ
ದೊಡ್ಡಮ್ಮ