ಮಧುಗಿರಿಯಿಂದ ತುಮಕೂರಿನವರೆಗೆ ನನ್ನ ಉಸಿರು ಹೊತ್ತವರಿಗೆ

ಹಾವು ಕಚ್ಚಿ ಆಸ್ಪತ್ರೆ ಸೇರಿದ್ದವನು ಮನೆಗೆ ಬಂದಿದ್ದೇನೆ. ಟ್ಯೂಬ್ ಇದ್ದ ಗಂಟಲು ಇನ್ನೂ ಗೊರಗೊರ ಎನ್ನುತ್ತಿರುವುದರಿಂದ ಫೋನ್ ಎತ್ತಲಾಗುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅತ್ತಿಗೆಗೆ. ಕಡಲೆಕಾಯಿ ಕಾಯಲು ಹೊಲದಲ್ಲಿ ನೆಲದ ಮೇಲೆ ಮಲಗಿದ್ದವನು ನಡುರಾತ್ರಿ ಹೊಟ್ಟೆನೋವೆಂದು ಎದ್ದು ಬಂದೆ. ಕಚ್ಚಿದ ಗುರುತಿಲ್ಲ, ಊತವಿಲ್ಲ. ರೆಪ್ಪೆ ಜೋತುಬಿದ್ದದ್ದನ್ನು ಗಮನಿಸಿದವರು ಆಶಾ ಕಾರ್ಯಕರ್ತೆಯಾದ ಅತ್ತಿಗೆ. "ಇದು ಕಟ್ಟುಹಾವಿಂದೇ, ಗಾಡಿ ತೆಗೀರಿ" ಅಂದರು. ಮಂತ್ರ ಹಾಕಿಸೋಣ ಎಂದ ಹಿರಿಯರಿಗೆ ಅವರು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ.

ತಾಲ್ಲೂಕು ಆಸ್ಪತ್ರೆಯಲ್ಲಿ ವಿಷಕ್ಕೆ 10 ವಯಲ್ ಔಷಧಿ ಏರಿಸಿ ತುಮಕೂರಿಗೆ ಕಳಿಸಿದರು. ದಾರಿಯಲ್ಲಿ ಉಸಿರು ಇಳಿಯತೊಡಗಿತು. 108ರ ಆ ಹುಡುಗ ಮುಖಕ್ಕೆ ಮಾಸ್ಕ್ ಒತ್ತಿ ಹಿಡಿದು ಕೈಯಿಂದ ಒತ್ತಿ ಉಸಿರು ತುಂಬುವ ಅಂಬು ಬ್ಯಾಗ್ ಹಿಸುಕುತ್ತಲೇ ಬಂದರು.

ನನಗೆ ಆಗಿದ್ದೇನೆಂದು ಐಸಿಯು ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದರು. ಉಸಿರಾಟದ ತಾಳ ಹುಟ್ಟುವುದು ಮೆದುಳಿನ ಬುಡದಲ್ಲಿ, ಮೆಡುಲಾ ಎಂಬಲ್ಲಿ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಅಲ್ಲಿಂದ ಅಪ್ಪಣೆ ಇನ್ನೂ ಜೋರಾಗಿ ಹೊರಡುತ್ತದೆ. ಕತ್ತಿನ ಬಳಿ ಬೆನ್ನುಹುರಿಯಿಂದ ಕವಲೊಡೆಯುವ ಫ್ರೆನಿಕ್ ನರದಲ್ಲಿ ಇಳಿದು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರು ಎಳೆಯುವ ಸ್ನಾಯುವನ್ನು, ಮುಟ್ಟುತ್ತದೆ. ಕಟ್ಟುಹಾವಿನ ವಿಷ ಹಾಳುಮಾಡುವುದು ನರ ಸ್ನಾಯುವನ್ನು ಸೇರುವ ಆ ತುದಿಯನ್ನು. "ಲೈನಲ್ಲಿ ಕರೆಂಟಿದೆ, ಮೋಟಾರೂ ಚೆನ್ನಾಗಿದೆ, ಸ್ಟಾರ್ಟರ್ ಸುಟ್ಟಿದೆ ಅಷ್ಟೇ" ಅಂದರು. ನಮ್ಮಂಥವರಿಗೆ ಇದಕ್ಕಿಂತ ಇನ್ನೇನು ಹೇಳಬೇಕು! ರಕ್ತದಲ್ಲಿ ಓಡಾಡುವ ವಿಷವನ್ನು ಔಷಧಿ ಹಿಡಿಯುತ್ತದಂತೆ, ಹಾಳಾದ ನರದ ತುದಿಯನ್ನು ರಿಪೇರಿ ಮಾಡುವುದಿಲ್ಲ. ಅದು ತಾನಾಗಿ ಚಿಗುರುವವರೆಗೆ ವೆಂಟಿಲೇಟರೇ ಗತಿ.

ಮೆದುಳಿಗೆ ಏನೂ ಆಗಿರಲಿಲ್ಲವಲ್ಲ, ನನಗೆ ಮಾತು ಕೇಳಿಸುತ್ತಿತ್ತು. ಕಣ್ಣು ಬಿಡಲಾರೆ, ಬೆರಳು ಅಲುಗಿಸಲಾರೆ. ಕಣ್ಣಿನ ಪಾಪೆ ಹಿಗ್ಗಿದ್ದು ನೋಡಿ ಮನೆಯವರು ಆಸೆ ಬಿಟ್ಟಾಗ, "ಈ ಹಾವಿನ ಕೇಸಲ್ಲಿ ಹೀಗೇ ಕಾಣೋದು, ಮೆದುಳು ಸತ್ತಿದೆ ಅಂದ್ಕೋಬೇಡಿ" ಎಂದು ಡಾಕ್ಟರ್ ಗದರಿದ್ದೂ ಕೇಳಿಸಿತು. (ಬೋರ್‌ವೆಲ್ ಸಾಲ ಇನ್ನು ಯಾರು ಕಟ್ಟೋದು ಎಂದು ಪಿಸುಗುಟ್ಟಿದ ಭಾವ, ಅದೂ ಕೇಳಿಸಿತು.)

ರಾತ್ರಿ ಪಾಳಿಯ ಸಿಸ್ಟರ್‌ಗೆ ಏನು ಹೇಳಲಿ. "ಅಣ್ಣ, ಈಗ ಕಫ ಎಳೀತೀನಿ, ಒಂಚೂರು ಕಷ್ಟ ಆಗುತ್ತೆ." "ಅಣ್ಣ, ಮಗ್ಗುಲು ತಿರುಗಿಸ್ತೀನಿ." ಹ್ಞೂಂ ಎನ್ನಲೂ ಆಗದವನನ್ನು ಪ್ರತಿ ಸಲವೂ ಹೇಳಿಯೇ ಮುಟ್ಟಿದರು. ನಾನು ಕಾಯುತ್ತಿದ್ದದ್ದು ಆ ದನಿಗೆ. ರೆಪ್ಪೆ ಎದ್ದ ದಿನ ಮಾತು ಕೇಳಿಯೇ ಅವರ ಗುರುತು ಹಿಡಿದೆ.

ನಮ್ಮ ಹಸು ಕರೆದು ಡೇರಿಗೆ ಹಾಲು ಹಾಕಿದ ಅಕ್ಕಪಕ್ಕದವರಿಗೂ ಋಣಿ.

ಆ 108ರ ಹುಡುಗನ ಹೆಸರು ಗೊತ್ತಿಲ್ಲ. ಅಣ್ಣ ಕೇಳುವಷ್ಟರಲ್ಲಿ ಇನ್ನೊಂದು ಕರೆ ಬಂದು ಗಾಡಿ ಹೊರಟಿತ್ತಂತೆ. ಬಲ್ಲವರು ತಿಳಿಸಿ, ಮನೆಗೆ ಊಟಕ್ಕೆ ಕರೆಯಬೇಕು.